ಕೂಸಿಗೆ ಏನು ಬೇಕು, ಏನು ಬೇಡ? ತೊಟ್ಟಿಲ ಕಾರ್ಯದ ಪಟ್ಟಿ ಬರೆಯುವ ಮುನ್ನ ಓದಿ

ಗೋಕಾಕ: ಮೊದಲ ಬಾಣಂತನ ತವರುಮನೆಯದು ಎಂಬ ರೂಢಿ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಇನ್ನೂ ಗಟ್ಟಿಯಾಗಿದೆ. ಹೆರಿಗೆ ಮುಗಿದು, ಕೂಸಿಗೆ ಹೆಸರಿಟ್ಟು, ಮೂರೋ ಐದೋ ತಿಂಗಳಿಗೆ ಮಗಳನ್ನ ಗಂಡನ ಮನೆಗೆ ಕಳಿಸುವಾಗ ತವರಿನವರು ತೊಟ್ಟಿಲು, ಹಾಸಿಗೆ, ಬಟ್ಟೆ, ಬೆಳ್ಳಿ ಉಡದಾರ ಅಂತ ಕೊಟ್ಟು ಕಳಿಸೋದು ಹಳೇ ಪದ್ಧತಿ. ಈಗ ಆ ಪಟ್ಟಿಗೆ ವಾಕರ್, ಸ್ಟ್ರೋಲರ್, ಬಾಟಲಿ ಸೆಟ್, ಡಬ್ಬಿಗಟ್ಟಲೆ ಪೌಡರ್, ಎಣ್ಣೆ, ಲೋಶನ್ ಎಲ್ಲ ಸೇರಿವೆ. ಕಳಿಸುವ ದಿನ ಓಣಿಯವರ ಕಣ್ಣು ಟೆಂಪೋ ಮೇಲೆ. "ಕೂಸಿಗೆ ಏನೇನು ಕೊಟ್ಟಾರ?" ಎಂಬ ಒಂದು ಪ್ರಶ್ನೆಗೆ ಹೆದರಿ ಎಷ್ಟೋ ಮನೆಯವರು ಕೈಗಡ ತಂದಾದರೂ ಖರೀದಿ ಮಾಡುತ್ತಾರೆ. ಆದರೆ ಮಂದಿಗೆ ಕಾಣುವ ವಸ್ತು ಬೇರೆ, ಕೂಸಿಗೆ ಬೇಕಾಗುವ ವಸ್ತು ಬೇರೆ.

ಹಾಗಾದರೆ ನಿಜಕ್ಕೂ ಬೇಕಾಗೋದು ಏನು? ಇದಕ್ಕೆ ಸರಕಾರವೇ ಒಮ್ಮೆ ಒಂದು ಪಟ್ಟಿ ಮಾಡಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ಕುಟುಂಬದ ತಾಯಂದಿರಿಗೆ ಕೊಡಲು ರಾಜ್ಯ ಸರಕಾರ 2007ರಲ್ಲಿ ತಂದ 'ಮಡಿಲು' ಕಿಟ್ ಹಲವರಿಗೆ ನೆನಪಿರಬಹುದು. ಅದರಲ್ಲಿ 19 ಬಗೆಯ ಸಾಮಾನು ಇದ್ದವು. ಸೊಳ್ಳೆಪರದೆ, ಜಮಖಾನೆ, ಚಾದರ, ಸೋಪು, ಟವೆಲ್, ಕೊಬ್ಬರಿ ಎಣ್ಣೆ, ಬಾಣಂತಿಗೆ ಹೊಟ್ಟೆ ಕಟ್ಟಿಕೊಳ್ಳುವ ಬಟ್ಟೆ, ಪ್ಯಾಡ್. ಕೂಸಿಗೆ ಹಾಸಿಗೆ, ರಬ್ಬರ್ ಶೀಟ್, ಅಂಗಿ, ಸ್ವೆಟರ್, ಟೊಪ್ಪಿಗೆ, ಕಾಲುಚೀಲ, ಹೀಗೆ. ಗಮನಿಸಬೇಕಾದ್ದು ಎರಡು ಸಂಗತಿ. ಒಂದು, ಅರ್ಧಕ್ಕರ್ಧ ಸಾಮಾನು ತಾಯಿಯದು. ಇನ್ನೊಂದು, ಅದರಲ್ಲಿ ಬಾಟಲಿಯೂ ಇರಲಿಲ್ಲ, ವಾಕರೂ ಇರಲಿಲ್ಲ.

ದೂರದ ಫಿನ್ಲೆಂಡ್ ದೇಶದಲ್ಲೂ ಇಂಥದ್ದೇ ಪೆಟ್ಟಿಗೆ 1938ರಿಂದ ನಡೆದುಬಂದಿದೆ. ಮೊದಲು ಬಡ ತಾಯಂದಿರಿಗಷ್ಟೇ ಇತ್ತು, 1949ರಿಂದ ಎಲ್ಲರಿಗೂ ಆಯಿತು. ಬಟ್ಟೆ ಖಾಲಿ ಮಾಡಿದ ಮೇಲೆ ಆ ರಟ್ಟಿನ ಪೆಟ್ಟಿಗೆಯೊಳಗೇ ಪುಟ್ಟ ಹಾಸಿಗೆ ಹಾಕಿ ಕೂಸನ್ನ ಮಲಗಿಸುತ್ತಾರೆ. ಅಷ್ಟು ಶ್ರೀಮಂತ ದೇಶದವರೂ ಎದೆಹಾಲಿಗೆ ಒತ್ತು ಕೊಡಲೆಂದು ಪೆಟ್ಟಿಗೆಯಿಂದ ಬಾಟಲಿಯನ್ನ ತೆಗೆದುಬಿಟ್ಟರು.

ಬಾಟಲಿಗೆ ಜಾಹೀರಾತು ಯಾಕಿಲ್ಲ?

ಟಿವಿಯಲ್ಲಿ ಸೋಪು, ಡೈಪರ್ ಜಾಹೀರಾತು ದಿನಾ ಬರುತ್ತದೆ. ಹಾಲು ಕುಡಿಸುವ ಬಾಟಲಿ, ಹಸುಗೂಸಿನ ಹಾಲಿನ ಪುಡಿಯ ಜಾಹೀರಾತು ಮಾತ್ರ ಕಾಣೋದಿಲ್ಲ. ಕಾರಣ, ದೇಶದಲ್ಲಿ 1992ರಲ್ಲೇ ಅದಕ್ಕೊಂದು ಕಾಯ್ದೆ ಬಂದಿದೆ, 2003ರಲ್ಲಿ ಅದನ್ನ ಇನ್ನಷ್ಟು ಬಿಗಿ ಮಾಡಲಾಗಿದೆ. ಎರಡು ವರ್ಷದೊಳಗಿನ ಮಕ್ಕಳ ಆಹಾರ, ಹಾಲಿನ ಪುಡಿ, ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ, ಫ್ರೀ ಸ್ಯಾಂಪಲ್, ಗಿಫ್ಟ್ ಅಂತ ಆಸೆ ತೋರಿಸಿ ಮಾರುವಂತಿಲ್ಲ. ಐಎಸ್ಐ ಗುರುತು ಇಲ್ಲದ ಬಾಟಲಿ ಮಾರೋದೂ ಅಪರಾಧ. ಸಂತೆಯಲ್ಲಿ, ಫುಟ್‌ಪಾತ್ ಮೇಲೆ ಸಿಗುವ ಬಣ್ಣಬಣ್ಣದ ಬಾಟಲಿಗಳನ್ನ ತಿರುಗಿಸಿ ನೋಡಿದರೆ ಆ ಗುರುತು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಶುರುವಾಗಬೇಕು, ಮೊದಲ 6 ತಿಂಗಳು ಎದೆಹಾಲು ಬಿಟ್ಟು ನೀರು ಕೂಡ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದಮೇಲೆ ಜೇನುತುಪ್ಪ, ಘುಟ್ಟಿ, ಗ್ರೈಪ್ ವಾಟರ್ ಖರ್ಚೂ ಉಳಿಯಿತು. ಜೇನು ಅಂತೂ ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯಾ ಹಸುಗೂಸಿನ ಕರುಳಿನಲ್ಲಿ ವಿಷ ಬಿಡುತ್ತದೆ.

ಕೆಲವು ತಾಯಂದಿರಿಗೆ ಹಾಲು ಸಾಲದೇ ಹೋಗಬಹುದು, ಕೆಲವರು ಕೆಲಸಕ್ಕೆ ಮರಳಬೇಕಾಗಬಹುದು. ಅಂಥವರು ಡಾಕ್ಟರ್ ಹೇಳಿದಂತೆ ನಡೆಯಬೇಕು. ಆಗಲೂ ಬಾಟಲಿಗಿಂತ ಸ್ಟೀಲಿನ ವಾಟಗ, ಚಮಚ ಒಳ್ಳೇದು. ತಿಕ್ಕಿ ತೊಳೆದು ಕುದಿಸೋದು ಸಲೀಸು. ಬಾಟಲಿ ನಿಪ್ಪಲಿನ ಸಂದಿಯಲ್ಲಿ ಹಾಲು ಕೂತು ಕೊಳೆತರೆ ಕೂಸಿಗೆ ಭೇದಿ ಗ್ಯಾರಂಟಿ. ನೌಕರಿಗೆ ಹೋಗುವ ತಾಯಿಗೆ ಎದೆಹಾಲು ತೆಗೆಯುವ ಪಂಪ್ ನಿಜಕ್ಕೂ ಉಪಯೋಗದ ವಸ್ತು. ತೆಗೆದ ಹಾಲು 25 ಡಿಗ್ರಿವರೆಗಿನ ತಂಪು ಕೋಣೆಯಲ್ಲಿ 4 ತಾಸು, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಆ 4 ತಾಸಿನ ಲೆಕ್ಕ ನಡೆಯೋದಿಲ್ಲ, ತೆಗೆದ ಕೂಡಲೇ ಫ್ರಿಜ್‌ಗೆ ಇಡಬೇಕು.

ತೊಟ್ಟಿಲು ಹೊಸದೇ ಆಗಬೇಕಿಲ್ಲ

ಈ ಭಾಗದಲ್ಲಿ ತೊಟ್ಟಿಲು ಅಂದರೆ ಕಲಘಟಗಿ ತೊಟ್ಟಿಲಿನದೇ ಹೆಸರು. ಬಣ್ಣದ ಚಿತ್ತಾರದ ಆ ತೊಟ್ಟಿಲು ತಲೆಮಾರು ದಾಟಿ ಬರುತ್ತದೆ. ಅಕ್ಕನ ಮನೆಯಲ್ಲಿ, ಅತ್ತಿಗೆ ಮನೆಯಲ್ಲಿ ಅಟ್ಟದ ಮೇಲೆ ಕೂತಿರುವ ತೊಟ್ಟಿಲು ತಂದರೆ ಅವಮಾನ ಏನೂ ಇಲ್ಲ. ಆದರೆ ನೋಡಿ ತರಬೇಕು. ಹಳೇ ಬಣ್ಣ ಸಿಪ್ಪೆ ಏಳುತ್ತಿದ್ದರೆ ಕೂಸು ಅದನ್ನ ಬಾಯಿಗೆ ಹಾಕಿಕೊಳ್ಳುತ್ತದೆ, ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಸರಳುಗಳ ನಡುವಿನ ಸಂದು 6 ಸೆಂ.ಮೀ. ದಾಟಬಾರದು, ದಾಟಿದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಗ್ಗ, ಕೊಂಡಿ, ಸರಪಳಿ ಜಗ್ಗಿ ನೋಡಬೇಕು. ಕೂಸು ಬೋರಲು ಬಿದ್ದು ಎದ್ದು ಕೂರಲು ಶುರು ಮಾಡಿತು ಅಂದರೆ ತೊಟ್ಟಿಲಿನ ಕಾಲ ಮುಗಿಯಿತು, ನೆಲದ ಮೇಲಿನ ಹಾಸಿಗೆಯೇ ಸುರಕ್ಷಿತ.

ಹೊಲಕ್ಕೆ ಹೋಗುವ ಮನೆಗಳಲ್ಲಿ ಸೀರೆಯ ಜೋಳಿಗೆ ಇದ್ದೇ ಇದೆ. ತಪ್ಪಲ್ಲ. ಆದರೆ ಜೋಳಿಗೆಯಲ್ಲಿ ಕೂಸನ್ನ ಬಿಟ್ಟು ದೂರ ಹೋಗುವಂತಿಲ್ಲ, ಗದ್ದ ಎದೆಗೆ ಒತ್ತಿದಂತೆ ಮಲಗಿದ್ದರೆ ಉಸಿರಿಗೆ ತೊಂದರೆ. ಖಾಲಿ ಜೋಳಿಗೆಯಲ್ಲಿ ದೊಡ್ಡ ಮಕ್ಕಳು ಜೀಕಿ ಸೀರೆ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ಅದಕ್ಕಿಂತ ದೊಡ್ಡದು. ಕೆಲಸ ಮುಗಿದ ಮೇಲೆ ಬಿಚ್ಚಿಡೋದೇ ಪಾಡು.

ಮಲಗಿಸೋದು ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ ಮೇಲೆ. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು, ಮೆತ್ತನೆ ಗೊಂಬೆ, ಫೋಮ್ ಬೆಡ್ ಇವು ಯಾವುದೂ ಮೊದಲ ವರ್ಷ ಬೇಡ. ಅಜ್ಜಿ ಹೊಲಿದ ಕೌದಿ ಕೆಳಗೆ ಹಾಸಲು ಚಲೋ, ಮುಖದ ಮೇಲೆ ಹೊದಿಸಲು ಅಲ್ಲ. ಕುಂಚಿಗೆ ಹೊರಗಿನ ಗಾಳಿಗೆ ಸರಿ, ಬೇಸಿಗೆಯಲ್ಲಿ ಒಳಗೆ ಮಲಗಿದ ಕೂಸಿಗೆ ಅಲ್ಲ. ದುಡ್ಡು ಹಾಕುವುದಾದರೆ ಛತ್ರಿಯಂತೆ ಮಡಚುವ ಸೊಳ್ಳೆಪರದೆಗೆ ಹಾಕಿ. ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕಾಯಿಲ್ ಹೊಗೆ ಕುಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಡೈಪರ್ ಲೆಕ್ಕ

ಒಂದು ಡೈಪರ್ 10 ರೂಪಾಯಿ ಅಂತ ಹಿಡಿಯಿರಿ. ದಿನಕ್ಕೆ 6 ಬದಲಿಸಿದರೆ ತಿಂಗಳಿಗೆ 1,800 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರ್, ಹಾಲಿನ ಬಾಟಲಿ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಆದರೂ ಕೂಲಿ ಮಾಡುವವರಿಗೆ ಇದು ಸಣ್ಣ ಮೊತ್ತ ಅಲ್ಲ. ಹಳೇ ಕಾಟನ್ ಸೀರೆ, ಧೋತರ ಹರಿದು ಮಾಡಿದ ಲಂಗೋಟಿ ಹಗಲಿಗೆ ಸಾಕು. ರಾತ್ರಿಗೆ, ಊರಿಗೆ ಹೋಗುವಾಗ ಒಂದೊಂದು ಡೈಪರ್. ಬಾಣಂತಿಗೂ ನಿದ್ದೆ ಬೇಕಲ್ಲ. ಅಂಗಿ, ಟೊಪ್ಪಿಗೆ ಹುಟ್ಟಿದ ಅಳತೆಯವು ನಾಲ್ಕೈದು ಸಾಕು, ಎರಡು ತಿಂಗಳಲ್ಲಿ ಬಿಗಿ ಆಗುತ್ತವೆ. ಪೌಡರ್ ಬೇಡ, ಹಾರಿದ ಪುಡಿ ಕೂಸಿನ ಶ್ವಾಸಕೋಶಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಡಿಗೆ ಹಚ್ಚುವುದೂ ಬೇಡ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ.

ವಾಕರ್ ಕಥೆ

ಕೂಸು ಬೇಗ ನಡೆಯಲಿ ಅಂತ ವಾಕರ್ ಕೊಡಿಸುತ್ತಾರೆ. ಆಗೋದು ಉಲ್ಟಾ. ಅದರಲ್ಲಿ ಕೂತ ಕೂಸು ತುದಿಗಾಲಲ್ಲಿ ನೆಲ ಒದ್ದು ಜಾರುತ್ತದೆಯೇ ಹೊರತು ತನ್ನ ತೂಕ ತಾನು ಹೊತ್ತು ನಿಲ್ಲೋದು ಕಲಿಯೋದಿಲ್ಲ. ಕೆನಡಾ ದೇಶ 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿತು, ಅಮೆರಿಕದ ಮಕ್ಕಳ ವೈದ್ಯರ ಸಂಘವೂ ನಿಷೇಧ ಮಾಡಿ ಅನ್ನುತ್ತಲೇ ಬಂದಿದೆ. ಅಲ್ಲಿ ಮಕ್ಕಳು ಮೆಟ್ಟಿಲಿಂದ ಉರುಳುವುದು ದೊಡ್ಡ ಕಾರಣ. ಇಲ್ಲಿನ ಮನೆಗಳನ್ನ ನೆನೆಸಿಕೊಳ್ಳಿ: ಎತ್ತರದ ಹೊಸ್ತಿಲು, ಮುಂದೆ ಕಟ್ಟೆ, ಹಿಂದೆ ಬಚ್ಚಲ ಒಲೆ, ಮೇಲೆ ಕುದಿಯುವ ಹಂಡೆ. ಗಾಲಿ ಮೇಲಿನ ಕೂಸು ಎರಡು ಹೆಜ್ಜೆಯಲ್ಲಿ ಅಲ್ಲಿರುತ್ತದೆ. ಹಿಡಿದು ತಳ್ಳುವ ಕಟ್ಟಿಗೆಯ ಮೂರು ಗಾಲಿ ಬಂಡಿ ಇದಕ್ಕಿಂತ ಚಲೋ, ಕೂಸು ತಾನೇ ನಿಂತ ಮೇಲಷ್ಟೇ ಅದು ಮುಂದೆ ಹೋಗುತ್ತದೆ. ಸ್ಟ್ರೋಲರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತೆಗ್ಗು ಬಿದ್ದ ಓಣಿಗಳಲ್ಲಿ ಒಂದು ಸುತ್ತು ತಳ್ಳಿದವರಿಗೆ ಗೊತ್ತು.

ಬೈಕ್ ಮೇಲೆ ಕೂಸು

ಪಟ್ಟಿಯಲ್ಲಿ ಯಾರೂ ಬರೆಯದ, ಆದರೆ ಮೊದಲು ಬರೆಯಬೇಕಾದ ವಸ್ತು ಇದು. ಗೋಕಾಕದಿಂದ ಮೂಡಲಗಿಗೆ, ಹುಕ್ಕೇರಿಯಿಂದ ಸಂಕೇಶ್ವರಕ್ಕೆ ತಾಯಿ ಒಂದೇ ಬದಿಗೆ ಕಾಲು ಹಾಕಿ ಕೂತು, ತೊಡೆ ಮೇಲೆ ಕೂಸು ಹಿಡಿದು ಹೋಗೋದು ದಿನದ ನೋಟ. ಕಾರ್ಖಾನೆ ಶುರುವಾದ ಮೇಲೆ ಎರಡೆರಡು ಟ್ರೇಲರ್ ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ಅದೇ ದಾರಿ. ಕೇಂದ್ರ ಸರಕಾರ 2022ರಲ್ಲಿ ಹೊರಡಿಸಿದ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ 4 ವರ್ಷದೊಳಗಿನ ಮಗುವನ್ನ ಬೈಕ್ ಮೇಲೆ ಕರೆದೊಯ್ಯುವಾಗ ಸುರಕ್ಷಾ ಬೆಲ್ಟ್ ಕಡ್ಡಾಯ. ಇದು ಮಗುವಿಗೆ ತೊಡಿಸುವ ಜಾಕೆಟ್‌ನಂಥದ್ದು, ಅದರ ಪಟ್ಟಿ ಗಾಡಿ ಹೊಡೆಯುವವರ ಭುಜಕ್ಕೆ ಬರುತ್ತದೆ. 30 ಕೆ.ಜಿ. ತೂಕ ತಡೆಯುವಂತಿರಬೇಕು. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಬೇಕು, ಮಕ್ಕಳ ಸೈಕಲ್ ಹೆಲ್ಮೆಟ್ ಆದರೂ ನಡೆಯುತ್ತದೆ. ವೇಗ 40 ಕಿ.ಮೀ. ದಾಟುವಂತಿಲ್ಲ. ಸ್ಟ್ರೋಲರ್‌ಗೆ ಎತ್ತಿಟ್ಟ ದುಡ್ಡಲ್ಲಿ ಇವೆರಡನ್ನ ಕೇಳಿ ತರಿಸಿಕೊಳ್ಳಬಹುದು.

9 ತಿಂಗಳ ಒಳಗಿನ ಕೂಸಿನ ಕತ್ತು ಹೆಲ್ಮೆಟ್ ಭಾರ ತಡೆಯುವಷ್ಟು ಗಟ್ಟಿ ಇರುವುದಿಲ್ಲ. ಅಷ್ಟರವರೆಗೆ ಬಸ್ಸೇ ವಾಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಹೇಗೂ ಟಿಕೆಟ್ ಇಲ್ಲ. ಕಾರು ಇದ್ದವರಿಗೂ ಒಂದು ಮಾತು: ಮುಂದಿನ ಸೀಟಿನಲ್ಲಿ ಮಡಿಲ ಮೇಲೆ ಕೂಸು ಬೇಡವೇ ಬೇಡ. ಹಿಂದಿನ ಸೀಟಿಗೆ, ಹಿಮ್ಮುಖವಾಗಿ ಕಟ್ಟುವ ಬೇಬಿ ಸೀಟ್ ಬೇಕು. ಬೆಲ್ಟ್ ಅಥವಾ ಬೇಬಿ ಸೀಟ್ ಇಲ್ಲದೆ 14 ವರ್ಷದೊಳಗಿನವರನ್ನ ಕೂರಿಸಿದರೆ 1,000 ರೂಪಾಯಿ ದಂಡ ಎಂದು ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಹೇಳುತ್ತದೆ.

ಆಟಿಕೆ, ತೂಕ, ದುಡ್ಡು

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳಿಗೆ ಇದರಲ್ಲಿ ವಿನಾಯಿತಿ ಇದೆ. ಗೋಕಾಕದ ಕಟ್ಟಿಗೆ ಹಣ್ಣು, ಕಾಯಿಪಲ್ಲೆ ಗೊಂಬೆ ಊರಿನ ಹೆಮ್ಮೆ ನಿಜ, ಆದರೆ ಅವು ಕಪಾಟಿನಲ್ಲಿಡುವ ಸಾಮಾನು. ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸಿಗೆ ಅಲ್ಲ. ಲೈಟು ಹತ್ತುವ ಅಗ್ಗದ ಆಟಿಕೆಯಲ್ಲಿ ಗುಂಡಿಯಂಥ ಸೆಲ್ ಇರುತ್ತದೆ. ಅದು ಸಡಿಲಾಗಿ ಕೂಸು ನುಂಗಿದರೆ ಕೆಲವೇ ತಾಸಿನಲ್ಲಿ ಅನ್ನನಾಳ ಸುಡುತ್ತದೆ. ಒಂದು ಗಿಲಕಿ, ಒಂದೆರಡು ಸ್ಟೀಲ್ ಬಟ್ಟಲು ಕೊಟ್ಟರೂ ಕೂಸು ಅಷ್ಟೇ ಖುಷಿ ಪಡುತ್ತದೆ.

ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ತೂಕದ ಯಂತ್ರ ಬೇಡ, ಅಂಗನವಾಡಿಯಲ್ಲಿ ತೂಕ ಮಾಡಿ ತಾಯಿ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ತೂಕ ಕಡಿಮೆ ಹುಟ್ಟಿದ ಕೂಸಿಗೆ ಬೆಚ್ಚಗಿನ ಪೆಟ್ಟಿಗೆ ಹುಡುಕಬೇಕಿಲ್ಲ. ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಪದ್ಧತಿಯನ್ನ ಆಸ್ಪತ್ರೆಯಲ್ಲೇ ಹೇಳಿಕೊಡುತ್ತಾರೆ, ಅದಕ್ಕೆ ಮೆತ್ತನೆಯ ಒಂದು ಸೀರೆ ಸಾಕು.

ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಹೆರಿಗೆಗೆ 5,000 ರೂಪಾಯಿ, ಎರಡನೆಯದು ಹೆಣ್ಣು ಕೂಸಾದರೆ 6,000 ರೂಪಾಯಿ ಖಾತೆಗೆ ಬರುತ್ತದೆ. ಅರ್ಜಿ ಅಂಗನವಾಡಿಯಲ್ಲೇ ಸಿಗುತ್ತದೆ. ಆ ದುಡ್ಡು ಬರೋದು ತಾಯಿಯ ಊಟಕ್ಕೆ, ವಿಶ್ರಾಂತಿಗೆ. ಅದರಲ್ಲಿ ಕಾಯಿಪಲ್ಲೆ, ಬೇಳೆ, ತತ್ತಿ, ಬೇಕಾದರೆ ನಾಲ್ಕು ಉಂಡೆ ಅಂಟು ಕಟ್ಟಿಸಿಕೊಟ್ಟರೆ ಹಾಲಾಗಿ ಕೂಸಿಗೇ ಸೇರುತ್ತದೆ.