ಹೆಡತಲೆಯ ಭಜನೆ, ಬಾಖ್‌ನ ಫ್ಯೂಗ್

ಕಳೆದ ವರ್ಷ ಆಫೀಸಿನಲ್ಲಿ ಕ್ರಿಸ್‌ಮಸ್‌ಗೆ ಹಾಡೋಕೆ ಒಂದು ಗುಂಪು ಕಟ್ಟಿದರು. ಚಿಕ್ಕಂದಿನಲ್ಲಿ ನಾಲ್ಕೈದು ವರ್ಷ ಕರ್ನಾಟಕ ಸಂಗೀತ ಕಲಿತ ಧೈರ್ಯದ ಮೇಲೆ ನಾನೂ ಹೆಸರು ಕೊಟ್ಟೆ. ಮೊದಲ ದಿನವೇ ತಲೆ ಗಿರ್ರೆಂದಿತು. ಹಾಡಿಸುವವರು ಪಾಲಿಫೋನಿ, ಮ್ಯಾಡ್ರಿಗಲ್, ಬಾಸೊ ಕಂಟಿನ್ಯುವೊ, ಫ್ಯೂಗ್ ಅಂತ ಹೇಳುತ್ತಾ ಹೋದರು. ಎಲ್ಲರೂ ತಲೆಯಾಡಿಸಿದರು, ನಾನೂ ಆಡಿಸಿದೆ. ಕಾಫಿಗೆ ಹೋದಾಗ ಸಹೋದ್ಯೋಗಿಯೊಬ್ಬ, "ನಿಮ್ಮ ಸಂಗೀತದಲ್ಲಿ ಹಾರ್ಮನಿನೇ ಇಲ್ಲ ಅಲ್ವಾ? ಅದು ಬೆಳೆಯಲೇ ಇಲ್ಲ ಅನ್ಸುತ್ತೆ" ಅಂದ. ಕೋಪ ಬಂತು, ಉತ್ತರ ಬರಲಿಲ್ಲ.

ಆ ವಾರ ಊರಿಗೆ ಹೋದೆ. ನಂಜನಗೂಡು ತಾಲ್ಲೂಕಿನ ಹೆಡತಲೆ ನಮ್ಮೂರು. ಅಪ್ಪ ಭಜನೆಯಲ್ಲಿ ತಾಳ ಹಿಡಿಯುವವರು. ಮೊಬೈಲ್‌ನಲ್ಲಿ ಹಾಡು ಹಾಕಿಕೊಂಡು ಜಗಲಿ ಮೇಲೆ ಕೂತಿದ್ದಾಗ, "ಅದೇನ್ ಮಗಾ ಅದು? ಎಲ್ರೂ ಒಂದೇ ಸಲಕ್ಕೆ ಬಾಯಾಕ್ತಾವ್ರೆ" ಅಂದರು. ಅವರಿಗೆ ಹೇಳೋಕೆ ಹೋಗಿಯೇ ಆ ಪದಗಳು ನನಗೂ ಅರ್ಥವಾದವು.

ಮೊದಲು ಕಾಲ

ಯುರೋಪಿನ ಸಂಗೀತದಲ್ಲಿ ಸುಮಾರು 1400ರಿಂದ 1600ರವರೆಗಿನದ್ದನ್ನು ರಿನೈಸಾನ್ಸ್ ಅನ್ನುತ್ತಾರೆ. 1600ರಿಂದ, ಬಾಖ್ ತೀರಿಕೊಂಡ 1750ರವರೆಗಿನದ್ದು ಬರೋಕ್. ಸೊಟ್ಟಗಿರುವ ಮುತ್ತಿಗೆ ಪೋರ್ಚುಗೀಸರು ಹೇಳುತ್ತಿದ್ದ ಪದ ಅದು. ಅತಿ ಅಲಂಕಾರದ ಕಲೆಯನ್ನು ಹೀಯಾಳಿಸೋಕೆ ಬಳಸಿದ ಹೆಸರೇ ಆಮೇಲೆ ಗೌರವದ್ದಾಯಿತು.

ಇಸವಿ ಹೇಳಿದರೆ ಅಪ್ಪನಿಗೆ ಏನೂ ಅನಿಸಲಿಲ್ಲ. ಪುರಂದರದಾಸರ ಕಾಲ ಅಂದೆ, ಕಿವಿ ನಿಮಿರಿತು. 1484ರಿಂದ 1564ರವರೆಗೆ ಅನ್ನುವ ದಾಸರ ಬದುಕು ಪೂರ್ತಿ ರಿನೈಸಾನ್ಸ್ ಒಳಗೇ ಬರುತ್ತದೆ. ಅವರು ಹಾಡುತ್ತಿದ್ದಾಗಲೇ ಇಟಲಿಯಲ್ಲಿ ಪಾಲೆಸ್ಟ್ರೀನಾ ಚರ್ಚಿಗೆ ಸಂಗೀತ ಬರೆಯುತ್ತಿದ್ದ.

ಪಾಲಿಫೋನಿ

ಪಾಲಿಫೋನಿ ಅಂದರೆ ಬರೀ ಗುಂಪಿನಲ್ಲಿ ಹಾಡುವುದಲ್ಲ. ನಾಲ್ಕೈದು ಸ್ವತಂತ್ರ ಧಾಟಿಗಳು ಒಟ್ಟಿಗೆ ಸಾಗಬೇಕು. ಒಂದು ದನಿ ಶುರುಮಾಡಿದ್ದನ್ನು ಇನ್ನೊಂದು ಸ್ವಲ್ಪ ತಡೆದು ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಮೊದಲನೆಯದು ಬೇರೆ ಕಡೆ ಹೋಗಿರುತ್ತದೆ. ಆದರೂ ಎಲ್ಲೂ ಕಿವಿಗೆ ಚುಚ್ಚಬಾರದು.

ಅಪ್ಪ ಎರಡು ಸಲ ಕೇಳಿ ಹೇಳಿದರು: "ನಮ್ಮ ಭಜನೇಲಿ ಒಬ್ರು ಓದ ದಾರೀಲೇ ಎಲ್ರೂ ಓಯ್ತೀವಿ. ಇವ್ರು ಒಬ್ಬೊಬ್ರು ಒಂದೊಂದು ದಾರೀಲಿ ಓಗಿ ಒಟ್ಗೆ ಊರು ಸೇರ್ತಾರೆ, ಅಷ್ಟೇಯಾ."

ನಾನು ಓದಿದ ಯಾವ ವಿವರಣೆಯೂ ಇಷ್ಟು ಸಲೀಸಾಗಿರಲಿಲ್ಲ. ಎಲ್ಲರೂ ಬೇರೆ ಬೇರೆ ದಾರಿ ಹಿಡಿದರೆ ಬರೆದಿಟ್ಟುಕೊಳ್ಳದೆ ವಿಧಿಯಿಲ್ಲ. 1501ರಲ್ಲೇ ವೆನಿಸ್‌ನಲ್ಲಿ ಪೆಟ್ರುಚಿ ಎಂಬಾತ ಪಾಲಿಫೋನಿ ಹಾಡುಗಳ ಪುಸ್ತಕ ಅಚ್ಚುಹಾಕಿದ. ದಾಸರ ಪದಗಳಿಗೆ ಆ ಅಗತ್ಯವಿರಲಿಲ್ಲ. ಅವು ಬಾಯಿಂದ ಬಾಯಿಗೆ ನಡೆದೇ ನಮ್ಮೂರಿನವರೆಗೆ ಬಂದವು.

ಮ್ಯಾಡ್ರಿಗಲ್, ಆಮೇಲೆ ಒಪೆರಾ

ಚರ್ಚಿನ ಹೊರಗೆ, ಪ್ರೇಮ ವಿರಹದ ಕವಿತೆಗಳಿಗೆ ಹಲವು ದನಿಗಳಲ್ಲಿ ಕೂಡಿಸಿದ ಸಂಗೀತವೇ ಮ್ಯಾಡ್ರಿಗಲ್. ಕವಿತೆಯಲ್ಲಿ ನಿಟ್ಟುಸಿರು ಬಂದರೆ ರಾಗವೂ ನಿಟ್ಟುಸಿರಿಡಬೇಕು. ಆದರೆ ಹಲವು ದನಿಗಳ ಗದ್ದಲದಲ್ಲಿ ಮಾತೇ ಕೇಳಿಸುವುದಿಲ್ಲವಲ್ಲ ಅಂತ ಫ್ಲಾರೆನ್ಸ್‌ನ ಕೆಲವರು ತಕರಾರು ತೆಗೆದರು. ಒಂದೇ ದನಿ ಹಾಡಲಿ, ಉಳಿದ ವಾದ್ಯಗಳು ಅದಕ್ಕೆ ಒತ್ತಾಸೆ ಕೊಡಲಿ ಅಂದರು. ಅದಕ್ಕೆ ಮೊನಡಿ ಅಂತ ಹೆಸರು. ಒಪೆರಾ ಹುಟ್ಟಿದ್ದು ಇಲ್ಲಿಂದಲೇ. ಮಾಂಟೆವೆರ್ಡಿಯ 'ಓರ್ಫೆಯೊ' 1607ರಲ್ಲಿ ಮಾಂಟುವಾದಲ್ಲಿ ರಂಗಕ್ಕೆ ಬಂತು.

"ಸಾಹಿತ್ಯ ಕೇಳುಸ್ದೆ ಓದ್ರೆ ಪದ ಯಾತಕ್ ಏಳ್ಬೇಕು?" ಅಂದರು ಅಪ್ಪ. ನಾನೂರು ವರ್ಷದ ಹಿಂದೆ ಫ್ಲಾರೆನ್ಸ್‌ನಲ್ಲಿ ನಡೆದ ವಾದ ಅದೇ.

ಬಾಸೊ ಕಂಟಿನ್ಯುವೊ

ಇದನ್ನು ನಾನು ಮೊದಲು ನಮ್ಮ ತಂಬೂರಿ ಅಂದುಕೊಂಡಿದ್ದೆ. ತಪ್ಪು. ತಂಬೂರಿ ಶ್ರುತಿ ಬಿಟ್ಟು ಕದಲುವುದಿಲ್ಲ. ಕಂಟಿನ್ಯುವೊದ ಮಂದ್ರ ಸ್ವರಗಳು ಹಾಡಿನ ಜೊತೆ ಚಲಿಸುತ್ತಲೇ ಇರುತ್ತವೆ. ಚೆಲ್ಲೊದಂಥ ವಾದ್ಯ ಆ ಸ್ವರಗಳನ್ನು ನುಡಿಸುತ್ತದೆ. ಹಾರ್ಪ್‌ಸಿಕಾರ್ಡ್ ನುಡಿಸುವವರ ಮುಂದಿರುವ ಹಾಳೆಯಲ್ಲಿ ಆ ಸ್ವರಗಳು, ಅವುಗಳ ಜೊತೆ 6, 7 ಅಂತ ಕೆಲವು ಅಂಕಿಗಳು ಮಾತ್ರ. ಯಾವ ಸ್ವರಗಳನ್ನು ಕೂಡಿಸಬೇಕು ಅನ್ನುವುದಕ್ಕೆ ಅಂಕಿ ಸುಳಿವು. ಹೇಗೆ ಕೂಡಿಸಬೇಕು ಅನ್ನುವುದು ನುಡಿಸುವವರ ಮನೋಧರ್ಮ. 'ಅವರದ್ದೆಲ್ಲ ನೋಡಿಕೊಂಡು ನುಡಿಸೋದು' ಅನ್ನುವ ನನ್ನ ನಂಬಿಕೆ ಇಲ್ಲಿ ಬಿತ್ತು.

ಬರೋಕ್ ಕಾಲದ ಇನ್ನೊಂದು ಪದ ರಿಟೊರ್ನೆಲೊ. ಪೂರ್ತಿ ವಾದ್ಯವೃಂದ ನುಡಿಸುವ ಭಾಗವೊಂದು ಮತ್ತೆ ಮತ್ತೆ ತಿರುಗಿ ಬರುವುದು. ವಿವಾಲ್ಡಿಯ 'ಫೋರ್ ಸೀಸನ್ಸ್' ಕೇಳಿ, ತಿಳಿಯುತ್ತದೆ. ಪಲ್ಲವಿಗೆ ಮರಳುವುದು ಗೊತ್ತಿರುವ ನಮ್ಮ ಕಿವಿಗೆ ಇದು ಕಷ್ಟವಲ್ಲ.

ಫ್ಯೂಗ್, 24 ಮತ್ತು 72

ಫ್ಯೂಗ್ ಅಂದರೆ ಓಟ. ಒಂದು ಪುಟ್ಟ ಧಾಟಿಯನ್ನು ಒಂದು ದನಿ ಶುರುಮಾಡುತ್ತದೆ, ಇನ್ನೊಂದು ಅದನ್ನೇ ಪಂಚಮದಿಂದ ಎತ್ತಿಕೊಂಡು ಅಟ್ಟಿಸಿಕೊಂಡು ಬರುತ್ತದೆ. 1722ರಲ್ಲಿ ಬಾಖ್, ಕೀಲಿಮಣೆಯ ಹನ್ನೆರಡು ಸ್ವರಗಳಲ್ಲಿ ಪ್ರತಿಯೊಂದನ್ನೂ ಷಡ್ಜ ಮಾಡಿಕೊಂಡು, ಮೇಜರ್ ಮತ್ತು ಮೈನರ್ ಎರಡರಲ್ಲೂ ಬರೆದು, 24 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳ ಪುಸ್ತಕ ಸಿದ್ಧಮಾಡಿದ. ಸರಿಯಾಗಿ ಶ್ರುತಿ ಮಾಡಿದರೆ ಎಲ್ಲಿಂದ ಹೊರಟರೂ ಹಿತವಾಗಿ ಕೇಳುತ್ತದೆ ಅಂತ ತೋರಿಸಿದ.

ಅದಕ್ಕೂ ಮೊದಲು, 17ನೇ ಶತಮಾನದಲ್ಲಿ, ಕನ್ನಡ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿ ತಂಜಾವೂರಿನಲ್ಲಿ 'ಚತುರ್ದಂಡಿ ಪ್ರಕಾಶಿಕೆ' ಬರೆದರು. ಅವರ ಕೈಯಲ್ಲೂ ಇದ್ದದ್ದು ಹನ್ನೆರಡು ಸ್ವರಸ್ಥಾನಗಳೇ. ಷಡ್ಜವನ್ನು ಕದಲಿಸದೆ ಎರಡು ಮಧ್ಯಮ, ಆರು ಬಗೆಯ ರಿ-ಗ, ಆರು ಬಗೆಯ ಧ-ನಿ ಗುಣಿಸಿದರು. 72 ಮೇಳ ಬಂದವು. ಆಗ ಬಳಕೆಯಲ್ಲಿದ್ದದ್ದು 19. ಉಳಿದವು ಮುಂದೆ ಬರಬಹುದಾದ ರಾಗಗಳಿಗೆ ತೆರೆದಿಟ್ಟ ಬಾಗಿಲು.

ಹನ್ನೆರಡು ಸ್ವರ ಇಬ್ಬರ ಮುಂದೆಯೂ ಇತ್ತು, ಕೇಳಿಕೊಂಡ ಪ್ರಶ್ನೆ ಬೇರೆ. ಅಲ್ಲಿ, ಎಷ್ಟು ದನಿಗಳು ಒಟ್ಟಿಗೆ ಬಾಳಬಹುದು? ಇಲ್ಲಿ, ಒಂದು ದನಿ ಎಷ್ಟು ಆಳಕ್ಕೆ ಇಳಿಯಬಹುದು?

ಪಕ್ಕದ ತಾಲ್ಲೂಕಿನ ಪಿಟೀಲು

ಈ ಎರಡೂ ದಾರಿ ಕೂಡಿದ ಜಾಗ ನಮ್ಮೂರಿನಿಂದ ದೂರವಿಲ್ಲ. ಪಿಟೀಲು 16ನೇ ಶತಮಾನದ ಇಟಲಿಯಲ್ಲಿ ರೂಪುಗೊಂಡ ವಾದ್ಯ. ವಿವಾಲ್ಡಿಯೂ ಪಿಟೀಲು ವಾದಕನೇ. ನಮ್ಮವರು ಅದನ್ನು ಕೆಳಗೆ ಕೂತು, ತುದಿಯನ್ನು ಪಾದಕ್ಕೆ ಆನಿಸಿ, ತಂತಿಗಳನ್ನು ಸ-ಪ-ಸ-ಪ ಶ್ರುತಿಗೆ ತಂದು ಗಮಕ ನುಡಿಸಿದರು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಮೈಕಿಲ್ಲದ ಸಭೆಯಲ್ಲಿ ಕೊನೆ ಸಾಲಿನವರೆಗೆ ನಾದ ಮುಟ್ಟಬೇಕಿತ್ತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದ ಮುಂದೆ ಎಷ್ಟೋ ಸಲ ಓಡಾಡಿದ್ದೆ. ಆ 'ಟಿ' ನಮ್ಮ ಪಕ್ಕದ ತಿರುಮಕೂಡಲು ಅಂತ ಹೇಳಿದ್ದು ಅಪ್ಪ.

ಸೋಮವಾರ ಸಹೋದ್ಯೋಗಿಗೆ ಹೇಳಿದೆ: "ಹೌದು, ನಮ್ಮಲ್ಲಿ ನಿಮ್ಮಂಥ ಹಾರ್ಮನಿ ಇಲ್ಲ. ನಾವು ಬೇರೆ ಕೆಲಸದಲ್ಲಿದ್ವಿ." ಅವನಿಗೆ ಒಂದು ತೋಡಿ ಆಲಾಪನೆ ಕಳಿಸಿದೆ. ಅವನು ನನಗೊಂದು ಫ್ಯೂಗ್ ಕಳಿಸಿದ. ಅದನ್ನು ಅಪ್ಪನಿಗೆ ಫಾರ್ವರ್ಡ್ ಮಾಡಿದೆ. ಸಂಜೆ ಫೋನ್ ಬಂತು: "ಮೂರನೇವ್ನು ಬರೋದು ಒಸಿ ತಡ ಆಯ್ತದೆ, ಆದ್ರೆ ಸರಿಯಾಗ್ ಬತ್ತಾನೆ ಕನಾ."