ನಾಯಿಗೆ ಪಾಠ ಹೇಳೋಕೆ ಟೈಮ್ ಎಲ್ಲಿದೆ ಅನ್ನೋರಿಗೆ

ಊರು ಬಿಟ್ಟು ಬಂದು ಫ್ಲಾಟ್‌ನಲ್ಲಿ ನಾಯಿ ಸಾಕ್ತಿರೋ ನಮ್ಮವರು ನನ್ನ ಹತ್ರ ಹೇಳೋ ಮಾತು ಹೆಚ್ಚುಕಮ್ಮಿ ಒಂದೇ: "ಆಫೀಸು, ಟ್ರಾಫಿಕ್ಕು, ಅಡುಗೆ ಮುಗಿಯೋ ಹೊತ್ತಿಗೆ ರಾತ್ರಿ ಹತ್ತು. ಇನ್ನು ನಾಯಿಗೆ ಟ್ರೇನಿಂಗ್ ಯಾವಾಗ?" ಬೇರೆ ಟೈಮೇ ಬೇಡ ಅಂತೀನಿ ನಾನು. ನಾಯಿ ದಿನವಿಡೀ ನಮ್ಮಿಂದ ಕಲೀತಾನೇ ಇರುತ್ತೆ. ಏನು ಕಲೀತಿದೆ ಅನ್ನೋದನ್ನ ನಾವು ಗಮನಿಸಬೇಕು, ಅಷ್ಟೆ.

ತತ್ವ ಹಳೆಯದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನ ಪೆಟ್ಟಿಗೆಯಲ್ಲಿಟ್ಟು ನೋಡಿದರು. ಬಾಗಿಲು ತೆರೆದುಕೊಂಡು ಹೊರಗೆ ಬಂದರೆ ಊಟ. ಪ್ರಯತ್ನ ಹೆಚ್ಚಾದಂತೆ ಬೆಕ್ಕು ಬೇಗ ಬೇಗ ಹೊರಗೆ ಬಂತು. ಲಾಭ ತಂದ ಕೆಲಸವನ್ನ ಪ್ರಾಣಿ ಮತ್ತೆ ಮಾಡುತ್ತೆ. ಇದನ್ನ ನಿಮ್ಮ ಮನೆ ಬಾಗಿಲಲ್ಲೇ ನೋಡಿ. ನಾಯಿ ಮೈಮೇಲೆ ಹಾರುತ್ತೆ, ನೀವು "ಏಯ್, ಬೇಡ" ಅಂತ ತಳ್ತೀರಿ. ದಿನವೆಲ್ಲ ಒಂಟಿಯಾಗಿದ್ದ ನಾಯಿಗೆ ಆ ತಳ್ಳೋದೂ ಒಂದು ಆಟ! ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಿ, ಮುದ್ದು ಮಾಡಿ.

ಈಗ ಕೆಲಸಕ್ಕೆ ಬರೋಣ. ಬೆಳಗಿನ ಊಟದಿಂದಲೇ ಒಂದು ಹಿಡಿ ತೆಗೆದು ಡಬ್ಬಿಯಲ್ಲಿಟ್ಟು ಬಾಗಿಲ ಹತ್ರ ಇಡಿ. ಹೀಗೆ ಮಾಡಿದ್ರೆ ನಾಯಿ ದಪ್ಪಗಾಗಲ್ಲ. ಲಿಫ್ಟ್ ಬರೋ ತನಕ ಹೇಗೂ ನಿಂತಿರ್ತೀರಿ. ನಾಯಿ ತಾನಾಗಿ ಕೂತರೆ "ಭೇಷ್" ಅನ್ನಿ, ಒಂದೆರಡು ಸೆಕೆಂಡಿನೊಳಗೆ ಒಂದು ಕಾಳು ಕೊಡಿ. ತಡವಾದ್ರೆ ಯಾವುದಕ್ಕೆ ಸಿಕ್ತು ಅಂತ ಅದಕ್ಕೆ ಗೊತ್ತಾಗಲ್ಲ. ತಿಂಡಿಯೊಂದೇ ಬಹುಮಾನವಲ್ಲ. ನಮ್ಮ ಕರಿಯನಿಗೆ ಗೇಟಿನಾಚೆಯ ಗಿಡ ಮೂಸೋದೇ ಹಬ್ಬ. ಹಗ್ಗ ಸಡಿಲವಾಗಿದ್ರೆ ಗಿಡದ ಕಡೆ ಹೆಜ್ಜೆ ಹಾಕ್ತೀನಿ, ಎಳೆದ್ರೆ ನಿಂತುಬಿಡ್ತೀನಿ.

ನಮ್ಮಂಥ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅಜ್ಜಿ "ಕೂತ್ಕೋ" ಅಂತಾರೆ, ಮಕ್ಕಳು "ಸಿಟ್", ಪುಣೆಯಲ್ಲಾದ್ರೆ ಕೆಲಸದ ಬಾಯಿ ಮರಾಠಿಯಲ್ಲಿ "ಬಸ್". ಅದೇ "ಬಸ್" ಹಿಂದಿಯಲ್ಲಿ "ಸಾಕು"! ನಾಯಿ ಮೊಂಡು ಅಂತ ಬೈಯೋಕೆ ಮುಂಚೆ ಎಲ್ಲರೂ ಸೇರಿ ಒಂದು ಪದ ಗೊತ್ತು ಮಾಡ್ಕೊಳ್ಳಿ.

"ಯಜಮಾನ ಯಾರು ಅಂತ ಎರಡು ಬಿಟ್ಟು ತೋರಿಸ್ಬೇಕು" ಅನ್ನೋರಿದ್ದಾರೆ. ಈ ನಂಬಿಕೆಗೆ ಬಲ ಕೊಟ್ಟಿದ್ದು ಬಂಧನದಲ್ಲಿದ್ದ ತೋಳಗಳ ಮೇಲೆ 1947ರಲ್ಲಿ ಪ್ರಕಟವಾದ ಅಧ್ಯಯನ. ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಅಂತ ತೋಳ ತಜ್ಞ ಡೇವಿಡ್ ಮೀಚ್ 1999ರಲ್ಲಿ ಬರೆದರು.

ಹೊಡೆತದ ನಿಜವಾದ ಅಪಾಯ ಬೇರೆ. ನಾಯಿ "ಗುರ್" ಅನ್ನೋದು "ನಂಗೆ ಭಯ, ದೂರ ಇರು" ಅನ್ನೋ ಎಚ್ಚರಿಕೆ. ಅದಕ್ಕೆ ಹೊಡೆದ್ರೆ ಗುರ್ ನಿಲ್ಲಬಹುದು, ಭಯ ನಿಲ್ಲಲ್ಲ. ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಕಚ್ಚಬಹುದು. ಇಕ್ಕಟ್ಟಾದ ಲಿಫ್ಟ್‌ನಲ್ಲಿ ಪಕ್ಕದ ಮನೆ ಮಗು ನಿಂತಿದ್ದಾಗ ಇದು ಎಂಥ ಮಾತು ಅಂತ ಯೋಚಿಸಿ. ಗುರ್ ಅಂದ್ರೆ ಹಿಂದೆ ಸರಿಯಿರಿ, ಆ ಲಿಫ್ಟ್ ಬಿಟ್ಟುಬಿಡಿ. ಇನ್ನೊಂದು ದಿನ, ನಾಯಿ ನೆಮ್ಮದಿಯಾಗಿರುವಷ್ಟು ದೂರದಿಂದ, ಮಗುವನ್ನ ಸುಮ್ಮನೆ ನೋಡಿದ್ದಕ್ಕೇ ಕಾಳು ಕೊಡಿ. ದಿನ ಕಳೆದಂತೆ ದೂರ ಕಡಿಮೆ ಮಾಡಿ. ಸಾಧು ನಾಯಿ ಇದ್ದಕ್ಕಿದ್ದಂತೆ ಗುರ್ ಅನ್ನೋಕೆ ಶುರು ಮಾಡಿದ್ರೆ ಮೊದಲು ವೆಟ್ ಹತ್ರ ಹೋಗಿ; ಎಲ್ಲೋ ನೋವಿರಬಹುದು.

"ತಿಂಡಿ ಇಲ್ದೆ ಮಾತೇ ಕೇಳಲ್ಲ" ಅಂದ್ರೆ, ನೀವು ಮೊದಲೇ ತಿಂಡಿ ತೋರಿಸಿ ಕರೀತಿದ್ದೀರಿ ಅಂತರ್ಥ. ಕೆಲಸ ಮೊದಲು, ಡಬ್ಬಿ ಆಮೇಲೆ. ಚೆನ್ನಾಗಿ ಕಲಿತ ಮೇಲೆ ಒಮ್ಮೊಮ್ಮೆ ಕೊಟ್ಟರೆ ಸಾಕು. ಕೇಸರಿಬಾತ್‌ನ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಮಾತ್ರ ಬೇಡವೇ ಬೇಡ, ನಾಯಿಗೆ ಅವು ವಿಷ.

ನಾಳೆ ಬೆಳಗ್ಗೆ ಒಂದೇ ಜಾಗ ಆರಿಸಿ, ಬಾಗಿಲೋ ಲಿಫ್ಟೋ. ಒಂದು ವಾರ ಅಲ್ಲಿ ಮಾತ್ರ ಮಾಡಿ ನೋಡಿ. ಮತ್ತೆ ಸಿಗೋಣ.