ಶೋಕೇಸಲ್ಲಿ ಹಾಳಾದ ಬೋರ್ಡೊ ಬಾಟಲಿ

ಇವತ್ತು ಮೊದಲು ನನ್ನದೇ ಒಂದು ತಪ್ಪು ಒಪ್ಕೋತೀನಿ. ನಮ್ಮಣ್ಣ ಫ್ರಾನ್ಸ್‌ನಿಂದ ಬರುವಾಗ ಬೋರ್ಡೊ ಸೀಮೆಯ ಪೊಯ್ಯಾಕ್ ಅನ್ನೋ ಊರಿನ ಕೆಂಪು ವೈನ್ ತಂದಿದ್ದ, ಅವನ ಮದುವೆ ಆದ್ಮೇಲೆ ಕುಡಿಯೋಣ ಅಂತ. ನಾನು ಬಿ.ಕಾಂ. ಬುದ್ಧಿ ಓಡಿಸಿ, ಇಟ್ಟಷ್ಟೂ ಬೆಲೆ ಏರೋ ಆಸ್ತಿ ಇದು ಅಂತ ಆರು ವರ್ಷ ಶೋಕೇಸಲ್ಲಿ ನಿಲ್ಲಿಸಿಟ್ಟೆ. ತೆಗೆದ್ರೆ ಕಾರ್ಕ್ ಪುಡಿಪುಡಿ, ಬಣ್ಣ ಕಂದು, ವಾಸನೆ ಥೇಟ್ ವಿನೆಗರ್. ಅಣ್ಣ ಬೈಯಲಿಲ್ಲ. ಅದೇ ಇನ್ನೂ ಬೇಜಾರು.

ಹಾಗಾದ್ರೆ ವೈನ್ ಹಳೇದಾದಷ್ಟೂ ರುಚಿ ಅಂತಾರಲ್ಲ? ಎಲ್ಲಾ ವೈನೂ ಅಲ್ಲ. ಹೆಚ್ಚಿನವನ್ನು ಕೆಲವೇ ವರ್ಷದಲ್ಲಿ ಕುಡಿದು ಮುಗಿಸಬೇಕು. ಪೊಯ್ಯಾಕ್‌ನಲ್ಲಿ ಮುಖ್ಯವಾಗಿ ಬಳಸೋದು ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿ. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಅದರ ತುಂಬ ಟ್ಯಾನಿನ್. ಗೇರುಹಣ್ಣು ತಿಂದಾಗ ನಾಲಿಗೆ ಹಿಡಿಯುತ್ತಲ್ಲ, ಆ ಒಗರು. ವರ್ಷ ಕಳೆದಂತೆ ಟ್ಯಾನಿನ್ ಒಂದಕ್ಕೊಂದು ಅಂಟಿ, ಒಂದಷ್ಟು ಗಸಿಯಾಗಿ ತಳ ಸೇರುತ್ತೆ. ಒಗರು ಮೆತ್ತಗಾಗಿ, ಹಣ್ಣಿನ ಘಮದ ಹಿಂದಿನಿಂದ ದೇವದಾರು, ಹೊಗೆಸೊಪ್ಪಿನ ವಾಸನೆ ಮೇಲೆ ಬರುತ್ತೆ.

ಕಾಮರ್ಸ್‌ನವರಿಗೆ ಇಷ್ಟವಾಗೋ ವಿಷಯ ಒಂದಿದೆ. 1855ರ ಪ್ಯಾರಿಸ್ ಪ್ರದರ್ಶನಕ್ಕೆ ಬೋರ್ಡೊ ದಲ್ಲಾಳಿಗಳು ಕೆಂಪು ವೈನುಗಳನ್ನು ಐದು ದರ್ಜೆ ಮಾಡಿದ್ದು ಬಹುಪಾಲು ಮಾರುಕಟ್ಟೆ ಬೆಲೆ ನೋಡಿ! ಪೊಯ್ಯಾಕ್‌ನ ಲಫೀತ್, ಲತೂರ್ ಮೊದಲ ದರ್ಜೆಗೆ ಹೋದ್ವು. ಮುತೋಂಗೆ ಎರಡನೇ ದರ್ಜೆ. ಪ್ರಮೋಷನ್ ಸಿಕ್ಕಿದ್ದು 1973ರಲ್ಲಿ.

ಇಡೋದಾದ್ರೆ ಕತ್ತಲು, ಸುಮಾರು 12ರಿಂದ 14 ಡಿಗ್ರಿ, ಬಾಟಲಿ ಮಲಗಿಸಿ. ಆಗ ಕಾರ್ಕ್ ಒದ್ದೆಯಾಗಿದ್ದು ಗಾಳಿ ಒಳಗೆ ನುಗ್ಗಲ್ಲ. ನಮ್ಮ ಬೇಸಿಗೆಯ 35 ಡಿಗ್ರೀಲಿ ವೈನ್ ಮಾಗಲ್ಲ, ಬೇಯುತ್ತೆ.

ಕುಡಿಯುವಾಗ 'ರೂಮ್ ಟೆಂಪರೇಚರ್' ಅನ್ನೋದನ್ನ ನಂಬಬೇಡಿ. ಅದು ಹೀಟರ್ ಇಲ್ಲದ ಕಾಲದ ಫ್ರೆಂಚ್ ಮನೆಗಳ ಲೆಕ್ಕ. 16ರಿಂದ 18 ಡಿಗ್ರಿ ಸಾಕು, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಎಳೇ ವೈನ್ ಆದ್ರೆ ಅಗಲ ಬಾಯಿಯ ಜಗ್ಗಿಗೆ ಸುರಿದು ಒಂದೆರಡು ಗಂಟೆ ಗಾಳಿಯಾಡೋಕೆ ಬಿಡಿ. ಹಳೇದಾದ್ರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಬಗ್ಗಿಸುವಾಗ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಗಸಿ ಕಂಡ ತಕ್ಷಣ ನಿಲ್ಲಿಸಿ. ಅದನ್ನ ಜಾಸ್ತಿ ಕಾಯಿಸಬೇಡಿ, ಘಮ ಬೇಗ ಹಾರಿಹೋಗುತ್ತೆ. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ಹಾಕಿ, ತಿರುಗಿಸಿ, ಮೂಸಿ, ಆಮೇಲೆ ಒಂದು ಗುಟುಕು.

ಡಿಸೆಂಬರ್‌ಗೆ ಅಣ್ಣ ಮತ್ತೆ ಬರ್ತಿದ್ದಾನೆ. ಬಾಟಲಿ ತರ್ತಾನಂತೆ, ಆದ್ರೆ ನನ್ನ ಕೈಗೆ ಕೊಡಲ್ಲವಂತೆ.